ಸೊಂಟಕ್ಕೆ ಕಟ್ಟಿದ ಗೋಟುಕಾಯಿ

ನೀರು ಕುಡಿದ ತೆಂಗಿನ ಸಿಪ್ಪೆಗೆ ಅದರದ್ದೇ ಒಂದು ವಾಸನೆ ಉಂಟು. ಇವತ್ತು ಬೆಳಿಗ್ಗೆ ಒಣಗಿದ ತೆಂಗಿನ ಜೋಡಿ ಗೋಟುಕಾಯಿಯನ್ನು ಹೆಗಲಿಗೆ ಹಾಕಿಕೊಂಡು ಹೊಳೆಯಿಂದ ಮೇಲೆ ಬರುವಾಗ ಆ ವಾಸನೆ ಮೂಗಿಗೆ ಹೊಡೆಯಿತು. ಕಾಯಿ ಇದ್ದದ್ದು ನನ್ನ ಮೊಮ್ಮಗಳ ಈಜಿಗೆ. ಅವಳು ಅದನ್ನು ದಡದಲ್ಲೇ ಬಿಟ್ಟು, ಕೈಕಾಲು ಬಡಿದು, ಹೊಳೆಯ ಗುಂಡಿಯ ಆಚೆಯ ಬಂಡೆಯನ್ನು ಮುಟ್ಟಿ ಬಂದುಬಿಟ್ಟಳು! ನನ್ನ ಸಂತೋಷವನ್ನು ಎಲ್ಲಿ ಇಡಲಿ? ಹೊಳೆಬದಿಯಲ್ಲಿ ಹುಟ್ಟಿದ ಮಗು, ಇನ್ನು ಹೆದರಿಕೆ ಇಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಆದರೆ ಆ ವಾಸನೆಗೆ ನೆನಪಾದದ್ದು ನೆರೆಮನೆಯ ಡ್ರಿಲ್ ಮಾಷ್ಟ್ರು...

ತೊಂಬತ್ತರ ದಶಕದ ಮಾತು. ಅವರು ಹೈಸ್ಕೂಲಿನಲ್ಲಿ ಮಕ್ಕಳನ್ನು ಓಡಿಸುತ್ತಿದ್ದರು. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಮಡಂತ್ಯಾರಿನ ಹೋಟೆಲಿನಲ್ಲಿ ದೋಸೆಕಾವಲಿಯ ಮುಂದೆ ನಿಂತವನು. ದಿನಾ ಬೆಳಿಗ್ಗೆ ಮನೆಯಿಂದ ಮಡಂತ್ಯಾರಿಗೆ ಓಡಿಬರುವುದು ಅವರ ಕ್ರಮ. ಹೋಟೆಲಿನ ಎದುರು ನಿಂತಲ್ಲೇ ಕುಣಿಯುತ್ತಾ ನಾಲ್ಕು ಮಾತಾಡಿ ವಾಪಸು ಓಡುತ್ತಿದ್ದರು. ದಾರಿಯುದ್ದಕ್ಕೂ ಅವರಿಗೆ ಜನ. ಹಾಲಿನವನು, ಬಸ್ಸಿನ ಕಂಡಕ್ಟರು, ಅಂಗಡಿಯ ಬಾಗಿಲು ತೆಗೆಯುವ ಬ್ಯಾರಿಗಳು, ಎಲ್ಲರನ್ನೂ ಮಾತಾಡಿಸಿಯೇ ಓಟ. ನನ್ನದು ಹಾಗಲ್ಲ. ಇಡೀ ದಿನ ಬೆಂಕಿಯ ಎದುರು ಬೆಂದ ಮೈಯನ್ನು ಸಂಜೆ ಹೊಳೆಗೆ ಹಾಕಿದರೆ ಲೋಕವೇ ಬೇಡ. ಕಿವಿಯೊಳಗೆ ನೀರಿನ ಸದ್ದು ಮಾತ್ರ.

ಒದ್ದೆ ಬೈರಾಸು ಹೆಗಲಿಗೆ ಹಾಕಿಕೊಂಡು ಬರುವಾಗ ಮಾಷ್ಟ್ರು ತಮ್ಮ ಮನೆಯ ಗೇಟಿನಲ್ಲಿ ನಿಂತಿರುತ್ತಿದ್ದರು.

“ಏನು ಮಾರಾಯ, ಎಮ್ಮೆ ಎದ್ದು ಬಂತಾ?”

“ಬಂತು ಮಾಷ್ಟ್ರೇ. ಬೆಳಿಗ್ಗೆ ನಿಮ್ಮನ್ನು ಅಟ್ಟಿಸಿದ ನಾಯಿ ಈಗ ಎಲ್ಲುಂಟು?”

ಹೀಗೆ ಶುರುವಾದ ಮಾತು ದೀಪ ಹಚ್ಚುವವರೆಗೂ ನಡೆಯುತ್ತಿತ್ತು. ಸಾಯುವವರೆಗೂ ಕೈಬಿಡದ ಆಟ ಯಾವುದು ಎಂಬುದೇ ನಮ್ಮ ಜಗಳ. ಓಟಕ್ಕೆ ಎರಡು ಕಾಲು, ಒಂದು ದಾರಿ ಸಾಕು. ನಿನ್ನದಕ್ಕೆ ಹೊಳೆ ಬೇಕು, ಮಳೆಗಾಲದಲ್ಲಿ ಅದೂ ಬಂದ್ ಎನ್ನುತ್ತಿದ್ದರು. ಓಡುವವನು ತನ್ನ ಭಾರವನ್ನು ತಾನೇ ಹೊರಬೇಕು, ನನ್ನದನ್ನು ನೀರು ಹೊರುತ್ತದೆ ಎಂದು ನಾನು.

“ನಾನು ಓಡಿದರೆ ಮಡಂತ್ಯಾರಿಗಾದರೂ ಮುಟ್ತೇನೆ. ನೀನು ಇಷ್ಟು ವರ್ಷ ಈಜಿ ಎಲ್ಲಿಗೆ ಮುಟ್ಟಿದ್ದಿ? ಹೊರಟಲ್ಲಿಗೇ!”

ಈ ಮಾತು ಬಂದಾಗ ಮಾತ್ರ ನಾನು ಬೈರಾಸು ಹಿಂಡಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದೆ.

ಅವರಿಗೆ ರಿಟೈರ್ ಆಗಿ ಸ್ವಲ್ಪ ಸಮಯದಲ್ಲೇ ಮೊಣಕಾಲು ಕೈಕೊಟ್ಟಿತು. ಮೂಡಬಿದ್ರೆಯ ಡಾಕ್ಟ್ರು, ನಡೆಯಿರಿ, ಆದರೆ ಇನ್ನು ಓಡುವುದು ಬೇಡ ಎಂದರಂತೆ. ಮಾಷ್ಟ್ರು ನಡೆಯಲೂ ಇಲ್ಲ. ಬಿಳಿ ಕ್ಯಾನ್ವಾಸ್ ಶೂ ಅಟ್ಟಕ್ಕೆ ಹೋಯಿತು. ಗೇಟಿನಲ್ಲಿ ಎಮ್ಮೆಯನ್ನು ವಿಚಾರಿಸುವವರಿಲ್ಲ. ಒಂದು ದಿನ ಅವರ ಹೆಂಡತಿಯೇ ನಮ್ಮ ಅಂಗಳಕ್ಕೆ ಬಂದರು.

“ಅಣ್ಣ, ಇವರು ಗೋಡೆ ನೋಡಿಕೊಂಡು ಮಲಗಿಯೇ ಇರ್ತಾರೆ. ಊಟಕ್ಕೆ ಕರೆದರೆ ಹ್ಞೂಂ ಇಲ್ಲ, ಹ್ಞಾಂ ಇಲ್ಲ. ಹೀಗೇ ಆದರೆ ಇವರು ನನಗೆ ಉಳಿಯುವುದಿಲ್ಲ. ನಿಮ್ಮ ಹೊಳೆಗಾದರೂ ಒಮ್ಮೆ ಕರ್ಕೊಂಡು ಹೋಗಿ.”

ಕರೆದೆ. ಬರಲಿಲ್ಲ. ಮರುದಿನವೂ ಕರೆದೆ, ಅದರ ಮರುದಿನವೂ... ಕೊನೆಗೆ, “ಮಾಷ್ಟ್ರೇ, ಎಮ್ಮೆ ಒಂಟಿಯಾಗಿದೆ, ಹೋಗುವ” ಎಂದಾಗ ಎದ್ದರು. ನನ್ನ ಕಾಟ ತಪ್ಪಲಿ ಎಂದೇ ಇರಬೇಕು.

ನಮ್ಮಲ್ಲಿ ಈಜು ಕಲಿಯುವುದು ಗೋಟುಕಾಯಿಯಲ್ಲಿ. ಒಳಗಿನ ನೀರು ಆರಿದ ಎರಡು ಕಾಯಿಗಳ ಸಿಪ್ಪೆಯಿಂದ ಒಂದೊಂದು ಎಳೆ ಎಬ್ಬಿಸಿ ಒಂದಕ್ಕೊಂದು ಗಂಟು ಹಾಕುವುದು. ಗಂಟಿನ ಮೇಲೆ ಎದೆ ಇಟ್ಟು ಮಲಗಿದರೆ ಎರಡು ಕಂಕುಳಿಗೆ ಎರಡು ಕಾಯಿ, ಮನುಷ್ಯ ಮುಳುಗುವುದಿಲ್ಲ. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಮಾಷ್ಟ್ರು, “ಗೊತ್ತುಂಟು, ಮಕ್ಕಳಿಗೆ ಡ್ರಿಲ್ ಕಲಿಸಿದವ ನಾನು” ಎಂದು ಕಾಯಿಯನ್ನು ಬೆನ್ನ ಹಿಂದೆ, ಬೈರಾಸಿನಿಂದ ಸೊಂಟಕ್ಕೆ ಬಿಗಿದು ನೀರಿಗೆ ಇಳಿದೇಬಿಟ್ಟರು. ಕಾಲಿಗೆ ನೆಲ ತಪ್ಪಿತು ನೋಡಿ, ಕಾಯಿ ಮೇಲೆ ಎದ್ದಿತು, ಸೊಂಟವೂ ಮೇಲೆ ಎದ್ದಿತು. ತಲೆ ನೀರಿನೊಳಗೆ! ಆಕಾಶಕ್ಕೆ ಬೆನ್ನು ತೋರಿಸಿ ಕೈಕಾಲು ಬಡಿಯುತ್ತಿದ್ದವರನ್ನು ಹಾರಿ ಹಿಡಿದು ದಡಕ್ಕೆ ಎಳೆದೆ. ನಮ್ಮ ಹಿಂದೆಯೇ ಬಂದು ದಡದಲ್ಲಿ ನಿಂತಿದ್ದ ಅವರ ಹೆಂಡತಿ, ನಮ್ಮ ಅಕ್ಕನ ಮುಖ ಬಿಳಿಚಿಹೋಗಿತ್ತು.

ಮಾಷ್ಟ್ರು ಕೆಮ್ಮಿದರು, ಮೂಗಿನಿಂದ ನೀರು ಸೀನಿದರು, ಸೊಂಟದ ಕಾಯಿಯನ್ನು ತಡವಿ ನೋಡಿದರು.

“ತಲೆ ಮೇಲೆ ಮಾಡುವ ಕಾಯಿ ಬೇರೆ ಉಂಟಾ ಮಾರಾಯ?”

ಹೇಳಿದವರು ತಾವೇ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು... ಮೊಣಕಾಲು ಹೋದ ಮೇಲೆ ಆ ಮನೆಯವರು ಕೇಳಿದ ಮೊದಲ ನಗು ಅದು. ಸದ್ಯ, ಇವರು ಉಳಿದರು ಎಂದು ನನಗೆ ಉಸಿರು ಬಂತು.

ಬೇಸಗೆಯ ಹೊತ್ತಿಗೆ ಅವರಿಗೆ ಕಾಯಿ ಬೇಡವಾಯಿತು. ನೆಲದ ಮೇಲೆ ಕುಂಟುವ ಕಾಲು ನೀರಿನಲ್ಲಿ ಕುಂಟುತ್ತಿರಲಿಲ್ಲ. ಹಾಗೆಂದು ಸೋಲು ಒಪ್ಪಿದರಾ? ಇಲ್ಲ. “ನೀರು ಒಳ್ಳೆಯದೇ, ಆದರೆ ಎದುರಿನಿಂದ ಬಂದು ನಮಸ್ಕಾರ ಮಾಷ್ಟ್ರೇ ಅನ್ನುವವರು ಒಬ್ಬರೂ ಇಲ್ಲವಲ್ಲ” ಎಂದು ಗೊಣಗುತ್ತಿದ್ದರು. ಇನ್ನೊಂದು ಸಂಜೆ ಬಂಡೆಯನ್ನು ಮುಟ್ಟಿ ಬಂದು ಏದುಸಿರಿನಲ್ಲಿ ಹೇಳಿದರು: “ಈ ಪ್ರಾಯದಲ್ಲಿ ಹೊರಟಲ್ಲಿಗೆ ವಾಪಸು ಮುಟ್ಟಿದರೆ ಅದೇ ದೊಡ್ಡದು ಮಾರಾಯ.”

ನನ್ನ ಮೊಮ್ಮಗಳು ಹುಟ್ಟಿದಾಗ ನೋಡಲು ಬಂದರು. ತೊಟ್ಟಿಲಲ್ಲಿ ಒದೆಯುತ್ತಿದ್ದ ಕಾಲನ್ನು ಹಿಡಿದು, “ಇದು ಓಟದ ಕಾಲು, ಹೊಳೆಗೆ ಹಾಕಿ ಹಾಳು ಮಾಡಬೇಡ” ಎಂದರು. ಈಜಿನ ಕಾಲು ಎಂದು ನಾನು ಹಟ ಹಿಡಿದೆ. ಅದು ತೀರ್ಮಾನವಾಗುವ ಮೊದಲೇ ಒಂದು ಮಳೆಗಾಲದಲ್ಲಿ, ಹೊಳೆಗೆ ಇಳಿಯಲಾಗದ ದಿನಗಳಲ್ಲಿ, ಮಾಷ್ಟ್ರು ಹೋಗಿಬಿಟ್ಟರು...

ಇವತ್ತು ಮೊಮ್ಮಗಳು ನೀರಿನಿಂದ ಎದ್ದವಳು ತಲೆ ಒರೆಸಲೂ ನಿಲ್ಲಲಿಲ್ಲ. ಅಜ್ಜಿಗೆ ಹೇಳುತ್ತೇನೆ ಎಂದು ಒದ್ದೆ ಬಟ್ಟೆಯಲ್ಲೇ ಒಂದೇ ಓಟ. ಎಂಥ ಓಟ! ನಾನು ಮಾಷ್ಟ್ರ ಗೇಟಿಗೆ ಬರುವಾಗ ಅವಳು ದಾರಿಯ ತಿರುವಿನಲ್ಲಿದ್ದಳು. ಗೇಟು ಮುಚ್ಚಿತ್ತು. ಆದರೂ ಕಾಲು ಅಲ್ಲಿ ನಿಂತಿತು, ಈಗ ಎಮ್ಮೆಯನ್ನು ಯಾರೋ ವಿಚಾರಿಸುತ್ತಾರೆ ಎಂಬ ಹಾಗೆ.

“ಇಬ್ಬರದ್ದೂ ಸರಿಯಾಯಿತು ಮಾಷ್ಟ್ರೇ” ಎಂದು ಗೇಟಿಗೇ ಹೇಳಿದೆ.

“ಅಜ್ಜಾ, ಬೇಗ ಬನ್ನಿ!” ಎಂದು ಅವಳು ತಿರುವಿನಿಂದ ಕೂಗಿದಳು. ಹೆಗಲಿನ ಕಾಯಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನಿಂದ ಆದಷ್ಟು ಓಡಿದೆ.