ನನ್ನ ಕೋಟು ತೊಟ್ಟು ನಡೆದವಳು

ಹೋದ ವರ್ಷ ದೀಪಾವಳಿಗೆ ಹತ್ತು ದಿನವಿತ್ತು. ಸಂಜೆ ಖಡಕಿ ಬಜಾರಿನಲ್ಲಿ ಸೀರೆಗೆ ಫಾಲ್ ಹಚ್ಚುವ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ನನ್ನನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಅಹೋ ವಹಿನಿ, ಆತ್ತಾಚ್ ಗೇಲಾತ್ ನಾ ತುಮ್ಹಿ?" ಎಂದು ಮರಾಠಿಯಲ್ಲಿ ಕೇಳಿದರು. ಅತ್ತಿಗೆ, ಈಗಷ್ಟೇ ಈ ದಾರಿಯಲ್ಲಿ ಹೋದಿರಲ್ಲ ಎಂದು.

"ನಾನು ಬರುತ್ತಿರುವುದೇ ಈಗ" ಎಂದೆ.

"ಆ ಕೆಂಪು ಕೋಟು ಹಾಕಿಕೊಂಡು ಹೋದಿರಿ. ಕೂಗಿದರೂ ತಿರುಗಲಿಲ್ಲ" ಎನ್ನುತ್ತ ರಸ್ತೆಯತ್ತ ಕೈ ತೋರಿಸಿದರು.

ನೋಡಿದೆ. ಮೂವತ್ತು ಹೆಜ್ಜೆ ಮುಂದೆ ನಾನು ಹೋಗುತ್ತಿದ್ದೆ.

ಅಂಥ ಕೋಟು ಇನ್ನೊಂದಿರಲಿಲ್ಲ. ಧಾರವಾಡದ ನಮ್ಮಜ್ಜಿಯ ಎರಡು ಇಳಕಲ್ ಸೀರೆಗಳ ಸೆರಗು ಕತ್ತರಿಸಿ ನಾನೇ ಹೊಲಿದದ್ದು. ಸೆರಗಿನಲ್ಲಿ ನೇಯ್ದ ತೆನೆಗಳು ಎಡತೋಳಿನ ಮೇಲೆ ತಲೆಕೆಳಗಾಗಿದ್ದವು; ಅವಸರದಲ್ಲಿ ತಪ್ಪಿ, ಬಿಚ್ಚದೆ ಹಾಗೇ ಬಿಟ್ಟಿದ್ದೆ. ವಿಮಾನ ನಗರದ ಆಫೀಸಿನಲ್ಲಿ ಐದು ವರ್ಷ ಮೂಲೆಯ ಮೇಜಿನಲ್ಲಿ ಬಾಯಿ ಮುಚ್ಚಿ ಕೂತವಳು, ಆ ಕೋಟು ತೊಟ್ಟ ದಿನ ಮೀಟಿಂಗಿನಲ್ಲಿ ಎದ್ದುನಿಂತು "ಇದು ನನಗೆ ಒಪ್ಪಿಗೆಯಿಲ್ಲ" ಎಂದೆ. ಕೋಟಿನಿಂದ ಧೈರ್ಯ ಬಂತೋ, ಧೈರ್ಯ ಬಂದಿದ್ದರಿಂದ ಕೋಟು ಹೊಲಿದೆನೋ, ಹೇಳಲಾರೆ.

ಬಜಾರಿನ ಆ ಸಂಜೆಗೆ ನಾಲ್ಕು ವರ್ಷ ಹಿಂದೆ ನನ್ನ ಗಂಡ ಅಪಘಾತದಲ್ಲಿ ತೀರಿಕೊಂಡಿದ್ದರು. ಅದಾಗಿ ಒಂದು ತಿಂಗಳಿಗೆ ಕಪಾಟು ತೆರೆದರೆ ಕೋಟಿಲ್ಲ. ಅತ್ತೆಯನ್ನು ಕೇಳಿದೆ.

"ನೀನ ಬೋಹಾರೀಣಗ ಕೊಟ್ಟಿಯಲ್ಲವಾ" ಎಂದರು. ಬೋಹಾರೀಣ ಎಂದರೆ ಹಳೆಯ ಬಟ್ಟೆಗೆ ಬದಲಾಗಿ ಸ್ಟೀಲ್ ಪಾತ್ರೆ ಕೊಡಲು ಮನೆಮನೆಗೆ ಬರುವ ಹೆಂಗಸು.

ನಾನು ನಂಬಲಿಲ್ಲ. ವಿಧವೆ ಸೊಸೆಗೆ ಕೆಂಪು ಯಾಕೆಂದು ಅವರೇ ಕೊಟ್ಟಿದ್ದಾರೆ ಎಂದುಕೊಂಡೆ. ಅಂದುಕೊಂಡದ್ದಷ್ಟೇ ಅಲ್ಲ, ನೆನಪಿತ್ತು: ಅತ್ತೆ ಹೊಸ್ತಿಲ ಬಳಿ ಕೂತು ಕೋಟು ಮಡಚುತ್ತಿದ್ದದ್ದು, ಅವರ ಬಳೆಗಳ ಸದ್ದು. ಅಂದಿನಿಂದ ನಮ್ಮ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು. ಬಣ್ಣವನ್ನೂ ಬಿಟ್ಟೆ. ಆಫೀಸಿನಲ್ಲಿ ಮತ್ತೆ ಮೂಲೆಯ ಮೇಜು.

ಅದಕ್ಕೇ ಆ ಸಂಜೆ ಕೋಟಿನ ಹಿಂದೆ ಓಡಿದೆ. ಅದು ನನಗೆ ಬೇಕಿತ್ತು. ಅವಳು ತಲೆಯೆತ್ತಿ, ಕೈ ಬೀಸಿ ನಡೆಯುತ್ತಿದ್ದಳು. ನಾನು ಹಾಗೆ ನಡೆಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ತಿರುಗಿದರೆ ನನ್ನದೇ ಮುಖ ಕಂಡೀತೆಂದು ಹತ್ತು ಹೆಜ್ಜೆ ಹಿಂದೆಯೇ ನಿಂತೆ. ಎಡತೋಳಿನ ತೆನೆ ನೋಡಿದೆ. ತಲೆಕೆಳಗು.

ಕೂಗಿದೆ. ತಿರುಗಿದವಳು ಮೊದಲು ನಮ್ಮ ಮನೆಗೆ ಬರುತ್ತಿದ್ದ ಐವತ್ತರ ಬೋಹಾರೀಣ.

"ನೀವಾ?" ಎಂದು ಮರಾಠಿಯಲ್ಲಿ ಕೇಳಿ, ಒಂದು ಹೆಜ್ಜೆ ಹಿಂದೆ ಸರಿದಳು. "ಇಷ್ಟು ದಿನ ಭೋರ್ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಚೆನ್ನಾಗಿದ್ದೀರಲ್ಲ?"

"ಆ ಕೋಟು ನಮ್ಮತ್ತೆ ನನ್ನ ಕೇಳದೆ ಕೊಟ್ಟದ್ದು."

"ನಿಮ್ಮತ್ತೆ ಬೇಡ ಬೇಡ ಅಂತಿದ್ದರು. ಕೊಟ್ಟವರು ನೀವು. ಎಷ್ಟು ಡಬ್ಬಿ ತೋರಿಸಿದರೂ ಒಂದೂ ಬೇಡ ಅಂದಿರಿ. ನೀವೇ ನನಗೆ ತೊಡಿಸಿ, ಒಂದೊಂದೇ ಗುಂಡಿ ಹಾಕಿದಿರಿ. ನಿಮ್ಮ ಬಳೆ ಸದ್ದು ಮಾಡುತ್ತಿತ್ತು. ಆಮೇಲೆ, 'ಇನ್ನು ನೀನು ಹೋಗು' ಅಂದಿರಿ. ಎಲ್ಲಿಗೆ ಅಂತ ಕೇಳಿದರೆ ಸುಮ್ಮನೆ ನೋಡಿದಿರಿ. ನನಗೆ ಭಯವಾಯಿತು."

ಬಳೆ. ಅತ್ತೆ ಬಳೆ ತೊಡುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಮಗ ಹೋದ ದಿನ, "ನೀ ತಗೀಬ್ಯಾಡವಾ" ಎಂದು ನನ್ನ ಕೈಹಿಡಿದು ತಡೆದವರೇ ಅವರು.

"ಇದನ್ನು ಹಾಕಿಕೊಂಡರೆ ಸೊಸೈಟಿಯ ವಾಚ್‌ಮನ್ ಗೇಟಿನಲ್ಲಿ ತಡೆಯುವುದಿಲ್ಲ. 'ಮೇಡಂ' ಅಂತಾನೆ ಸುಡುಗಾಡು" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿ, "ಬೇಕಾದರೆ ತಗೊಳ್ಳಿ" ಎಂದು ಗುಂಡಿ ಬಿಚ್ಚತೊಡಗಿದಳು. ಎರಡನೆಯ ಗುಂಡಿ ಬಿಚ್ಚುವಷ್ಟರಲ್ಲಿ ಅವಳ ಭುಜ ಇಳಿಯಿತು. ಆ ಇಳಿದ ಭುಜವನ್ನು ನಾನು ದಿನಾ ಕನ್ನಡಿಯಲ್ಲಿ ನೋಡುತ್ತಿದ್ದೆ.

"ಬೇಡ. ಹಾಕಿಕೊಳ್ಳಿ" ಎಂದೆ.

ಮನೆಯಲ್ಲಿ ಅತ್ತೆ ಮೆಂತೆ ಸೊಪ್ಪು ಸೋಸುತ್ತಿದ್ದರು. ಎದುರಿಗೆ ಕೂತೆ.

"ಕೋಟು ನಾನ ಕೊಟ್ಟಿದ್ದೆ ಏನ್ರಿ?"

"ಹೂಂ."

"ಮತ್ತ ಜಗಳಾ ಮಾಡಿಯಾದ್ರೂ ಹೇಳಬಾರದಿತ್ತೇನ್ರಿ?"

"ಒಮ್ಮೆ ಹೇಳಿದ್ನಲ್ಲಾ. ನನ್ನ ಮ್ಯಾಲಿನ ಸಿಟ್ಟಿಗಾದ್ರೂ ದಿನಾ ಏಳತಿದ್ದಿ, ಉಣತಿದ್ದಿ. ಇರ್ಲಿ ಅಂತ ಬಿಟ್ಟೆ." ಕಡ್ಡಿ ಬೇರೆ, ಸೊಪ್ಪು ಬೇರೆ ಮಾಡುತ್ತಲೇ ಹೇಳಿದರು. "ಅವತ್ತ ನಿನ್ನ ದನಿ ನಿಂದಿರಲಿಲ್ಲ. ನಂಗೂ ಭಾಳ ಅಂಜಿಕಿ ಬಂದಿತ್ತು."

ಈ ವರ್ಷ ಹಸಿರು ಕೋಟು ಹೊಲಿದುಕೊಂಡೆ. ಅಳತೆಗೆ ಟೇಪು ಹಿಡಿದವರು ಅತ್ತೆಯೇ. "ಉಸಿರು ಬಿಡು, ಫೋಟೋ ತಗ್ಯಾಕತ್ತಿಲ್ಲ" ಎಂದು ಬೈದರು. ಅದನ್ನು ತೊಟ್ಟು ಆಫೀಸಿಗೆ ಹೋಗುತ್ತೇನೆ. ಮೂಲೆಯ ಮೇಜು ಬಿಟ್ಟಿದ್ದೇನೆ.

ಕೋಟು ಕೊಟ್ಟ ಆ ಮಧ್ಯಾಹ್ನ ಈಗ ನನಗೂ ಕಾಣುತ್ತದೆ: ಹೊಸ್ತಿಲು, ಬೋಹಾರೀಣಳ ಎದೆಯ ಮೇಲೆ ಗುಂಡಿ ಹಾಕುತ್ತಿರುವ ನನ್ನ ಬೆರಳುಗಳು. ನೆನಪಾಗಿ ಕಾಣುತ್ತಿದೆಯೋ, ಅವಳು ಹೇಳಿದ್ದರಿಂದ ಕಾಣುತ್ತಿದೆಯೋ ತಿಳಿಯದು. ಆ ಕೈ ನನ್ನದೇ ಆಗಿದ್ದರೆ, ನನಗೆ ಹೇಳದೆ ಅದು ಇನ್ನೂ ಏನೇನು ಕೊಟ್ಟು ಕಳಿಸಿದೆಯೋ ಎಂದು ಕಪಾಟಿನ ಮುಂದೆ ನಿಂತಾಗ ಇಂದಿಗೂ ಒಂದೊಂದೇ ಬಟ್ಟೆ ಎಣಿಸುತ್ತೇನೆ.