ದನ ಬಾಳೆಲೆ ತಿಂದ ಭಾನುವಾರ

ಕಾಸರಗೋಡು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನನಗೆ ಒಂಬತ್ತೋ ಹತ್ತೋ ವರ್ಷ. ಪುತ್ತಿಗೆಯ ನಮ್ಮ ಅಳಿಯಸಂತಾನದ ಮನೆಗೆ ಯಜಮಾನರು ನನ್ನ ಸೋದರಮಾವ. ಅಮ್ಮನಿಗೂ ದೊಡ್ಡಮ್ಮನಿಗೂ ಅವರು ಅಣ್ಣ. ಯಾವುದೋ ಕೆಲಸಕ್ಕೆಂದು ಮಂಗಳೂರಿಗೆ ಹೋದವರು ಅಲ್ಲಿಂದ ಒಂದು ಹೊಸ ಶಬ್ದ ಕಲಿತು ಬಂದರು: ಪಿಕ್ನಿಕ್.

"ಹಾಗೆಂದ್ರೆ ಎಂತ?" ದೊಡ್ಡಮ್ಮ ಕೇಳಿದರು.

"ಬುತ್ತಿ ಕಟ್ಟಿಕೊಂಡು ಪೇಟೆಯ ಪಾರ್ಕಿಗೆ ಹೋಗಿ ಹುಲ್ಲಿನ ಮೇಲೆ ಕೂತು ಉಣ್ಣುದು."

"ನಾಟಿಯ ದಿನ ಗದ್ದೆಬದಿಯಲ್ಲಿ ಎಲ್ಲರೂ ಹಾಗೇ ಉಣ್ಣುದಲ್ವಾ? ಅದಕ್ಕೆ ಪೇಟೆಗೆ ಹೋಗ್ಬೇಕಾ?"

"ಅದು ಕೆಲಸ ಮಾಡಿ ಉಣ್ಣುದು ಮಾರಾಯ್ತಿ. ಇದು ಕೆಲಸ ಬಿಟ್ಟು ಉಣ್ಣುದು."

ಅಮ್ಮ ಇದನ್ನೆಲ್ಲ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ನಿಜ ಹೇಳಬೇಕೆಂದರೆ, ಅಮ್ಮ ಉಣ್ಣುವುದನ್ನು ನಾನು ಅದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಮೊದಲು ಮಾವ, ಆಮೇಲೆ ಮಕ್ಕಳು, ಬಳಿಕ ದೊಡ್ಡಮ್ಮ. ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬಳೇ ಏನೋ ಒಂದಿಷ್ಟು ಉಂಡು ಏಳುತ್ತಿದ್ದಳು. ಆ ಕ್ರಮ ತಪ್ಪದಂತೆ ನೋಡಿಕೊಳ್ಳುತ್ತಿದ್ದವರು ದೊಡ್ಡಮ್ಮ.

ಕಾಸರಗೋಡು ಪೇಟೆಯಲ್ಲಿ ಆಗ ಒಂದು ಸಣ್ಣ ಪಾರ್ಕು ಇತ್ತು. ನಾಲ್ಕು ಸಿಮೆಂಟಿನ ಬೆಂಚು, ಒಂದು ಸಾಲು ಕ್ರೋಟನ್ ಗಿಡ, ಸಂಕೋಲೆಯ ಒಂದು ಉಯ್ಯಾಲೆ. ಭಾನುವಾರ ಬಸ್ಸಿನಲ್ಲಿ ಹೊರಟೆವು: ಮಾವ, ದೊಡ್ಡಮ್ಮ, ಅವರ ಇಬ್ಬರು ಹೆಣ್ಣುಮಕ್ಕಳು, ಅಮ್ಮ ಮತ್ತು ನಾನು. ಅಮ್ಮ ಬೆಳಗ್ಗೆ ಬೇಗನೆದ್ದು ಕೇದಗೆಯ ಓಲೆ ಸುತ್ತಿದ ಕೊಳವೆಗಳಲ್ಲಿ ಇಡ್ಲಿ ಹಿಟ್ಟು ಹೊಯ್ದು ಮೂಡೆ ಬೇಯಿಸಿದ್ದಳು, ಪಾತ್ರೆ ತುಂಬ ಕೋಳಿ ಸುಕ್ಕ ಮಾಡಿದ್ದಳು. ಉಣ್ಣಲಿಕ್ಕೆ ಒಂದು ಕಟ್ಟು ಬಾಳೆಲೆ.

ಪಾರ್ಕಿಗೆ ತಲುಪಿದ್ದೇ ನಾವು ಹುಡುಗಿಯರು ಉಯ್ಯಾಲೆಗೆ ಓಡಿದೆವು. ಮಾವ ದೊಡ್ಡಮ್ಮನಿಗೆ ಕ್ರೋಟನ್ ತೋರಿಸಲು ಹೋದರು. ಅಮ್ಮ ಚಾಪೆ ಹಾಸಿ, ತಲೆ ತಗ್ಗಿಸಿ, ಪಾತ್ರೆಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು. ಬಿಚ್ಚಿ ತಲೆ ಎತ್ತುವಾಗ ಚಾಪೆಯ ಆಚೆ ತುದಿಯಲ್ಲಿ ಒಂದು ಕೆಂದು ದನ ನಿಂತು ನಮ್ಮ ಬಾಳೆಲೆಯ ಕಟ್ಟನ್ನು ನೆಮ್ಮದಿಯಿಂದ ಜಗಿಯುತ್ತಿತ್ತು.

"ಅಯ್ಯೋ ಅಣ್ಣಾ, ಎಲೆ!"

ಮಾವ ಕೊಡೆ ಬೀಸುತ್ತಾ ಓಡಿ ಬಂದರು. ದನ ನಾಲ್ಕು ಹೆಜ್ಜೆ ಹಿಂದೆ ಸರಿದು, ಬಾಯಲ್ಲಿದ್ದದ್ದನ್ನು ಪೂರ್ತಿ ತಿಂದು ಮುಗಿಸಿ, ಆಮೇಲೆ ಹೊರಟುಹೋಯಿತು.

"ದನದ ಪಿಕ್ನಿಕ್ ಆಯ್ತು," ಎಂದರು ದೊಡ್ಡಮ್ಮ. "ಇನ್ನು ನಮ್ಮದು?"

ಮಾವ ಬುತ್ತಿಯತ್ತ ನೋಡಿದರು. "ಮೂಡೆಗೆ ಅದರದ್ದೇ ಓಲೆ ಉಂಟಲ್ಲ. ಕೈಯಲ್ಲಿ ಹಿಡ್ಕೊಂಡು ತಿನ್ನುವ."

ಸುಕ್ಕದ ಪಾತ್ರೆ ನಡುವೆ ಬಂತು, ಸುತ್ತ ನಾವು ಕೂತೆವು. ಅಮ್ಮ ಮಾತ್ರ ಸೌಟು ಹಿಡಿದು ನಿಂತೇ ಇದ್ದಳು.

"ನೀವು ತಿನ್ನಿ. ನಾನು ಮತ್ತೆ."

"ಬಡಿಸ್ಲಿಕ್ಕೆ ಎಲೆಯೇ ಇಲ್ಲ, ನೀನು ನಿಂತು ಎಂತ ಮಾಡ್ತಿ?" ಎಂದರು ಮಾವ. "ಕೂತ್ಕೊ."

ಅಮ್ಮ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೊ ಮಾರಾಯ್ತಿ, ಸುಕ್ಕ ತಣಿತದೆ."

ಸೌಟು ಎಡಗೈಯಿಂದ ಎಡಗೈಗೆ ದಾಟುತ್ತಾ ಸುತ್ತು ಬಂತು. ಬಿಡಿಸಿದ ಓಲೆಯ ಮೇಲೆ ಮೂಡೆಯ ತುಂಡು, ಅದರ ಮೇಲೆ ಸುಕ್ಕ. ಜನ್ಮದಲ್ಲಿ ತಾನೇ ಬಡಿಸಿಕೊಂಡು ತಿಂದವರಲ್ಲ ಮಾವ. ಮೊದಲ ಸೌಟು ಅವರ ಬಿಳಿ ಅಂಗಿಯ ಮೇಲೆಯೇ ಬಿತ್ತು. ನಾವು ನಗಲೋ ಬೇಡವೋ ಎಂದು ನೋಡುತ್ತಿರುವಾಗ ಮೊದಲು ನಕ್ಕವಳು ಅಮ್ಮ.

ಅಮ್ಮನಿಗೆ ಕೋಳಿಯ ಎಲುಬು ಜಗಿಯುವುದೆಂದರೆ ಇಷ್ಟ ಎಂದು ನನಗೆ ಗೊತ್ತಾದದ್ದು ಅವತ್ತು. ಎರಡು ತುತ್ತು ತಿಂದವಳು ಕೈ ನಿಲ್ಲಿಸಿ ಕೇಳಿದಳು, "ಉಪ್ಪು ಕಡಿಮೆ ಅಲ್ವಾ?"

"ಯಾವಾಗಲೂ ಕಡಿಮೆಯೇ," ಎಂದರು ಮಾವ.

"ಇಷ್ಟು ವರ್ಷ ಹೇಳ್ಲಿಲ್ಲ ಯಾಕೆ?"

"ಹೇಳುವಾಗ ನೀನು ಒಳಗೆ ಹೋಗಿ ಆಗಿರ್ತದೆ."

ನಕ್ಕು ನಕ್ಕು ಅಮ್ಮನಿಗೆ ಬಿಕ್ಕಳಿಕೆ ಬಂತು. ದೊಡ್ಡಮ್ಮ ಅವಳ ಬೆನ್ನು ತಟ್ಟಿ ನೀರು ಕೊಟ್ಟರು.

ಊಟವಾದ ಮೇಲೆ ನಮ್ಮ ಒತ್ತಾಯಕ್ಕೆ ಅಮ್ಮ ಉಯ್ಯಾಲೆ ಹತ್ತಿದಳು. "ಪೇಟೆಯವರು ನೋಡ್ತಾರೆ!" ಎಂದು ದೊಡ್ಡಮ್ಮ ಗದರಿಸಿದರು. ಮತ್ತೆ ಸ್ವಲ್ಪ ಹೊತ್ತಿಗೆ ನನ್ನ ಹತ್ತಿರ ಬಂದು ಮೆಲ್ಲಗೆ, "ಆ ಸಂಕೋಲೆ ಗಟ್ಟಿ ಉಂಟಾ ಮಗಾ?" ಎಂದರು. ಹತ್ತಿದವರು ಇಳಿಯಲೇ ಇಲ್ಲ. ನಮ್ಮ ಬಸ್ಸು ತಪ್ಪಿತು.

ಮನೆಯಲ್ಲಿ ಊಟದ ಕ್ರಮವೇನೂ ಬದಲಾಗಲಿಲ್ಲ. ಮರುದಿನ ಅಮ್ಮ ಮತ್ತೆ ಕೊನೆಯವಳೇ. ಪಲ್ಯಕ್ಕೆ ಮಾತ್ರ ಒಂದು ಚಿಟಿಕೆ ಉಪ್ಪು ಹೆಚ್ಚು ಬಿದ್ದಿತ್ತು. ಆದರೆ ಪಾರ್ಕಿಗೆ ಹೋಗುವುದು ವರ್ಷಕ್ಕೊಮ್ಮೆ ತಪ್ಪದೆ ನಡೆಯಿತು, ಅಲ್ಲಿ ಅಮ್ಮ ಎಲ್ಲರ ಜತೆ ಕೂತೇ ಉಂಡಳು. ಗದ್ದೆ ಕೆಲಸ ಮುಗಿದದ್ದೇ, "ಯಾವ ಭಾನುವಾರ ಹೊರಡುದು?" ಎಂದು ಮಾವನನ್ನು ಕೇಳುತ್ತಿದ್ದವರು ದೊಡ್ಡಮ್ಮ.