ಕುಸುಮಾಳ ಕೋಪಕ್ಕೆ ಮಾತ್ರೆ

ಸಹಿ ಹಾಕುವುದಿಲ್ಲ ಎಂದು ಕುಸುಮಾ ಮೊದಲ ಸಲ ಹೇಳಿದಾಗ ತಮ್ಮ ಯಶ್ವಂತ್ ಜಗಳಕ್ಕೂ ಬರಲಿಲ್ಲ. ಹೆಂಡತಿಯ ಕಡೆ ತಿರುಗಿ ನಕ್ಕ.

"ಬಿಡೇ ರಮ್ಯಾ, ಅಕ್ಕನಿಗೆ ಮುಟ್ಟು ನಿಲ್ಲೋ ಟೈಮು. ಸ್ವಲ್ಪ ದಿನ ಹೋದ್ರೆ ತಣ್ಣಗಾಗ್ತಾಳೆ."

ಹುಡುಗಿಯಾಗಿದ್ದಾಗ ಅವಳು ದನಿಯೆತ್ತಿದರೆ ಮುಟ್ಟಾಗಿದ್ದಾಳೆ ಎನ್ನುತ್ತಿದ್ದರು. ಈಗ ಮುಟ್ಟು ನಿಲ್ಲುತ್ತಿದೆ ಎನ್ನುತ್ತಾರೆ. ಅವಳು ಹೇಳಿದ್ದೇನೆಂದು ಕೇಳಿದವರು ಆಗಲೂ ಇಲ್ಲ, ಈಗಲೂ ಇಲ್ಲ.

ಹೇರೋಹಳ್ಳಿಯಲ್ಲಿ ಅಪ್ಪ ದುಡಿದು ಕೊಂಡ ಹದಿನೆಂಟು ಗುಂಟೆ ಜಮೀನಿತ್ತು. ವಿಲ್ ಬರೆಯದೆ ತೀರಿಕೊಂಡದ್ದರಿಂದ ಹೆಂಡತಿ, ಮಗ, ಮಗಳಿಗೆ ಸಮಪಾಲು. ಇದು ಕಾನೂನಿನ ಮಾತು. ರೂಢಿಯೇ ಬೇರೆ. ಹೆಣ್ಣುಮಕ್ಕಳು ರೇಷ್ಮೆ ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಊಟ ಮಾಡಿಕೊಂಡು ಹೋಗಬೇಕು. ಸೀರೆಯನ್ನು ಆಗಲೇ ತಂದಿಟ್ಟಿದ್ದರು.

ಕುಸುಮಾಗೆ ನಲವತ್ತೊಂಬತ್ತು. ವಿಜಯನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುವ ಅಂಗಡಿ ನಡೆಸುತ್ತಿದ್ದವಳು. ಗಂಡ ಪೀಣ್ಯದ ಫ್ಯಾಕ್ಟರಿಗೆ ಹೋಗಿಬರುವವನು. ನಿನ್ನ ತವರಿನ ವಿಷಯ ನಿನಗೇ ಬಿಟ್ಟದ್ದು ಎಂದು ಕೈತೊಳೆದುಕೊಂಡ. ಒಂದು ವರ್ಷದಿಂದ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಎರಡು ತಿಂಗಳು ಮುಟ್ಟೇ ಇಲ್ಲ, ಆಮೇಲೆ ಹನ್ನೆರಡು ದಿನ ನಿಲ್ಲದ ರಕ್ತ. ಎದೆಯಿಂದ ಕತ್ತಿನವರೆಗೆ ಉರಿ ಏರಿ ಬೆವರಿಗೆ ರವಿಕೆ ತೊಯ್ಯುತ್ತಿತ್ತು. ನಿದ್ದೆ ಮೂರು ಗಂಟೆ ಬಂದರೆ ಹೆಚ್ಚು. ಗಿರಾಕಿಯೊಬ್ಬಳ ಮದುವೆ ಬ್ಲೌಸಿಗೆ ಎರಡೂ ಎಡತೋಳೇ ಕತ್ತರಿಸಿಟ್ಟಳು. ಯಶ್ವಂತ್ ಅದನ್ನು ನೆಂಟರಿಗೆಲ್ಲ ಹೇಳಿಕೊಂಡು ಬಂದ. "ತೋಳೇ ಗೊತ್ತಾಗದೋಳಿಗೆ ಜಮೀನು ಗೊತ್ತಾಗುತ್ತಾ?"

ತಾಯಿ ಬೋರಮ್ಮನೂ ಮಗನ ಕಡೆಯೇ. "ನಮಗೂ ನಿಂತಿತ್ತು ಕಣವ್ವಾ. ನಾವೇನು ಹಿಂಗೆ ಕೂಗಾಡಿದ್ವಾ?"

"ಕೂಗಾಡಬೇಕಿತ್ತು ಕಣಮ್ಮಾ."

ಮಾತ್ರೆ ಕೊಡಿಸಿದರೆ ಸಹಿ ಬೀಳುತ್ತದೆ ಎಂಬುದು ತಮ್ಮನ ಹೆಂಡತಿ ರಮ್ಯಶ್ರೀಯ ಲೆಕ್ಕಾಚಾರ. ಬಸವೇಶ್ವರನಗರದ ಲೇಡಿ ಡಾಕ್ಟರ ಬಳಿಗೆ ಅವಳೇ ಕಾರಿನಲ್ಲಿ ಕರೆದುಕೊಂಡು ಹೋದಳು.

"ಅಕ್ಕನಿಗೆ ವಿಪರೀತ ಕೋಪ ಮೇಡಂ. ಅದು ಇಳಿಯೋಕೆ ಏನಾದ್ರೂ ಬರ್ಕೊಡಿ."

"ನೀವು ಹೊರಗಡೆ ಕೂತಿರಿ," ಎಂದರು ಡಾಕ್ಟರು.

ಸ್ಕ್ಯಾನ್ ಆಯಿತು, ಥೈರಾಯ್ಡ್ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಇಷ್ಟು ದಿನ ಅವಳು ನಿಂತಿದ್ದೇ ಹೆಚ್ಚು. ಮುಟ್ಟು ಪೂರ್ತಿ ನಿಲ್ಲುವ ಮೊದಲು ನಾಲ್ಕೈದು ವರ್ಷ ಹೀಗೆ ಎಳೆಯಬಹುದು, ಉರಿ, ನಿದ್ದೆಗೇಡು, ಮರೆವು, ಸಿಡುಕು ಎಲ್ಲ ಇದರ ಜೊತೆ ಬರುತ್ತವೆ, ಹಲ್ಲುಕಚ್ಚಿ ಸಹಿಸಬೇಕಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತೇ, ನಿಮಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ವಿಚಾರಿಸಿದ ಮೇಲೆ ಹಾರ್ಮೋನ್ ಮಾತ್ರೆ ಬರೆದರು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ ಎಂದರು. ಮುಂದೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಬರಬೇಕು ಎಂದರು.

"ಕೋಪಕ್ಕೆ?" ಎಂದಳು ಕುಸುಮಾ.

"ನಿದ್ದೆ ಸರಿಹೋದ ಮೇಲೂ ಉಳಿದ್ರೆ ಅದು ನಿಮ್ಮದೇ. ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ."

ಮೂರು ತಿಂಗಳಲ್ಲಿ ನಿದ್ದೆ ಮರಳಿತು, ರಕ್ತ ಹತೋಟಿಗೆ ಬಂತು, ಕತ್ತರಿ ಹಿಡಿದ ಕೈ ನೆಟ್ಟಗಾಯಿತು. ತಿಳಿಯಾದ ತಲೆಯಲ್ಲಿ, ತಮ್ಮ ಬರೆಸಿಟ್ಟಿದ್ದ ಬಿಡುಗಡೆ ಪತ್ರವನ್ನು ಮೊದಲಿಂದ ಓದಿದಳು. 'ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ' ಎಂದಿತ್ತು. ನಿದ್ದೆ ಸರಿಹೋಗಿತ್ತು. ಕೋಪ ಉಳಿದೇ ಇತ್ತು.

ಅಕ್ಕ ಕೂಗಾಡದೆ ಇದ್ದದ್ದು ಕಂಡು ಯಶ್ವಂತ್ ಹಿಗ್ಗಿದ. "ನೋಡಿದ್ಯಾ, ಮಾತ್ರೆ ಕೆಲಸ ಮಾಡ್ತು!" ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ದಿನ ಗೊತ್ತುಮಾಡಿದ. ಕುಸುಮಾ ಬರುತ್ತೇನೆಂದಳು. ಮನೆಯಲ್ಲಿ ಎಷ್ಟು ಸಲ ಇಲ್ಲವೆಂದರೂ ಅವರಿಗೆ ಅದು ಕಾಯಿಲೆ. ಅಧಿಕಾರಿಯ ಮುಂದೆ ಹೇಳಿದರೆ ಉತ್ತರ.

"ಒಪ್ಪಿ ಬರ್ಕೊಡ್ತಾ ಇದೀರೇನಮ್ಮಾ?" ಅಧಿಕಾರಿ ಕೇಳಿದರು.

"ಇಲ್ಲ ಸಾರ್."

ಯಶ್ವಂತ್ ಮುಂದೆ ನುಗ್ಗಿದ. "ಸಾರ್, ಅಕ್ಕನಿಗೆ ಹುಷಾರಿಲ್ಲ. ಆ ವಯಸ್ಸು ನೋಡಿ... ಟ್ರೀಟ್‌ಮೆಂಟ್ ನಡೀತಾ ಇದೆ."

"ನಡೀತಾ ಇದೆ ಸಾರ್, ಇವರೇ ಕೊಡಿಸಿದ್ದು. ಈಗ ಚೆನ್ನಾಗಿ ನಿದ್ದೆ ಮಾಡ್ತೀನಿ. ನಿದ್ದೆ ಮಾಡಿ ಎದ್ದು ಬಂದೇ ಹೇಳ್ತಾ ಇದೀನಿ, ನನ್ನ ಪಾಲು ಬಿಡಲ್ಲ."

ಅಧಿಕಾರಿ ಕಾಗದವನ್ನು ಹಿಂದಕ್ಕೆ ತಳ್ಳಿ ಮುಂದಿನವರನ್ನು ಕರೆದರು.

ಹೊರಗೆ ಬೋರಮ್ಮ ಅವಳ ತೋಳು ಹಿಡಿದು ನಿಲ್ಲಿಸಿದಳು. "ನಿನಗೆ ತವರು ಬೇಡವೇನೇ?"

"ಬೇಕು ಕಣಮ್ಮಾ. ಆರು ಗುಂಟೆ," ಎಂದು ಕುಸುಮಾ ಕೈ ಬಿಡಿಸಿಕೊಂಡಳು.